ಬಲಗೈ ಮೀನಿಗೆ, ಎಡಗೈ ಫೋನಿಗೆ

ಹೊನ್ನಾವರ ಬಂದರಿನಲ್ಲಿ ಬೆಳಕು ಈಗಷ್ಟೇ ಬಿಡುತ್ತಿದೆ. ಕಡಲಿಂದ ಮರಳಿದ ಬೋಟುಗಳು ಧಕ್ಕೆಗೆ ಒತ್ತಿಕೊಂಡು ನಿಂತಿವೆ. ಬುಟ್ಟಿಯ ಹಿಂದೆ ಬುಟ್ಟಿ ಬಂಗಡೆ ಮೇಲೆ ಬರುತ್ತಿದೆ. ಹರಾಜು ಕೂಗುವ ಮೋಹನ ತಾಂಡೇಲರ ಸುತ್ತ ಹೆಂಗಸರು, ಗಂಡಸರು, ಅವರ ತಲೆಯ ಮೇಲೆ ಕಾಗೆ, ಹದ್ದು. ಆ ಗದ್ದಲದ ಮುಂದಿನ ಸಾಲಿನಲ್ಲಿ ಸೆರಗನ್ನು ಸೊಂಟಕ್ಕೆ ಬಿಗಿದು ದೇವಿ ಅಂಬಿಗ ಬಗ್ಗಿ ನಿಂತಿದ್ದಾರೆ. ಬಲಗೈಯಿಂದ ಒಂದು ಬಂಗಡೆಯ ಕಿವಿರು ಎತ್ತಿ ನೋಡುತ್ತಾರೆ, ಕೆಂಪು ಸರಿಯಿದೆ. ಬೆನ್ನನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ, ಕುಳಿ ಬೀಳುವುದಿಲ್ಲ. ಬಲಗೈ ಇಷ್ಟೆಲ್ಲ ಮಾಡುವಾಗ ಎಡಗೈ ಮಾತ್ರ ಬೆನ್ನ ಹಿಂದೆ ಮಡಚಿಕೊಂಡೇ ಇದೆ, ಮಡಿಯಲ್ಲಿದ್ದವರ ಹಾಗೆ.

ಹರಾಜಿನಲ್ಲಿ ಒಂದು ಬುಟ್ಟಿ ದೇವಿಯವರ ಪಾಲಿಗೆ ಬರುತ್ತದೆ. ಆಗ ಎಡಗೈ ಮೇಲೇಳುತ್ತದೆ. ಅದರಲ್ಲಿ ಫೋನಿದೆ. ಮುಂದಿನ ಬುಟ್ಟಿಗೆ ಬೆಲೆ ಕೂಗಲು ಬಾಯಿ ತೆರೆದಿದ್ದ ಮೋಹನ ತಾಂಡೇಲರು ಅಲ್ಲಿಗೇ ತಡೆದು, ಜನರ ಕಡೆ ತಿರುಗಿ, "ಏ, ಒಂದ್ ಗಳಿಗೆ ಸುಮ್ಮಂಗಿರ್ರೋ! ದೇವಕ್ಕ ಕೂಗ್ತದೆ" ಎನ್ನುತ್ತಾರೆ. ಧಕ್ಕೆ ಸುಮ್ಮನಾಗುತ್ತದೆ. ಕಾಗೆಗಳನ್ನು ಬಿಟ್ಟರೆ ಉಳಿದವರೆಲ್ಲ ಬಾಯಿ ಮುಚ್ಚುತ್ತಾರೆ.

"ಬಂಗಡೇ...ಯ್! ಬಂತು ಬಂಗಡೇ...ಯ್!"

ಎರಡೇ ಸಲ. ಎಡಗೈಯ ಹೆಬ್ಬೆರಳು ಫೋನಿನ ತೆರೆಯ ಮೇಲಿಂದ ಏಳುತ್ತದೆ. ಫೋನು ಕುತ್ತಿಗೆಯಿಂದ ಇಳಿಬಿದ್ದ ಕೊಡೆಬಟ್ಟೆಯ ಚೀಲ ಸೇರುತ್ತದೆ. ಹರಾಜು ಮತ್ತೆ ಶುರುವಾಗುತ್ತದೆ. ಅಷ್ಟರಲ್ಲಿ ಕುಮಟೆಯ ಹತ್ತಿರದ ಹೊಳನಗದ್ದೆಯ ಅಡುಗೆಮನೆಗಳಲ್ಲಿ ಅದೇ ಕೂಗು ಕೇಳಿಸಿಯಾಗಿದೆ. ಅಲ್ಲಿ ಯಾರೋ ತೆಂಗಿನಕಾಯಿ ಒಡೆಯುತ್ತಿದ್ದಾರೆ.

ಮಾವಿನಕುರ್ವೆಯ ದೇವಿ ಅಂಬಿಗರಿಗೆ ಐವತ್ತು ದಾಟಿದೆ. ಮೀನು ಮಾರಲು ತೊಡಗಿದ್ದು ಮದುವೆಯಾದ ವರ್ಷವೇ. ತವರು ಕುಮಟೆಯ ಕಡೆ. ತಾಯಿ ಹೊಳನಗದ್ದೆಯಲ್ಲಿ ಮನೆಯಿಂದ ಮನೆಗೆ ತಿರುಗಿ ಮೀನು ಮಾರುತ್ತಿದ್ದವರು. ಮಗಳನ್ನು ಹೊಳೆಬಾಯಿಯ ಊರಿಗೆ ಕೊಟ್ಟಾಗ, ತಾನು ನಡೆದ ಆ ದಾರಿಯನ್ನೂ ಮಗಳಿಗೇ ಬಿಟ್ಟುಕೊಟ್ಟರು. "ಬೇರೆಯವ್ರ ಅವ್ವಿ ಬಂಗಾರ ಕೊಡ್ತದೆ, ನನ್ನ ಅವ್ವಿ ಮನೆ ಕೊಡ್ತು" ಎನ್ನುತ್ತಾರೆ ದೇವಿ. "ಒಂದಲ್ಲ, ಮೂವತ್ತು ಮೂವತ್ತೈದು ಮನೆ. ಕಟ್ಟಿದ್ದು ಅವ್ರು, ತಿಂಬೂದೂ ಅವ್ರು. ಆದ್ರೆ ಮನೆ ನಂದು."

ಈ ಲೆಕ್ಕಾಚಾರ ಮೀನು ಮಾರುವ ಹೆಂಗಸರಿಗೆ ಮಾತ್ರ ಅರ್ಥವಾಗುವಂಥದ್ದು. ಒಬ್ಬಳ ಮನೆಗೆ ಇನ್ನೊಬ್ಬಳು ಬುಟ್ಟಿ ಇಳಿಸುವುದಿಲ್ಲ. ಯಾವ ಮನೆಯಲ್ಲಿ ಸೋಮವಾರ ಮೀನು ಬೇಯುವುದಿಲ್ಲ, ಯಾವ ಮನೆಯ ಸೊಸೆ ಬಸುರಿ, ಯಾರಿಗೆ ತಾರ್ಲೆ ಎಂಬ ಬೂತಾಯಿ ಮೀನು ಮೈಗೆ ಆಗುವುದಿಲ್ಲ, ಇದೆಲ್ಲ ಆಯಾ ದಾರಿಯವಳಿಗೆ ಗೊತ್ತಿರುತ್ತದೆ. ದೇವಿ ಬೆಳಗಿನ ಹರಾಜು ಮುಗಿಸಿ, ಬೇರೆ ಹೆಂಗಸರ ಜೊತೆ ಟೆಂಪೋ ಹತ್ತಿ, ಹೆದ್ದಾರಿಯಲ್ಲಿ ಕುಮಟೆಯ ಕಡೆ ಹೋಗಿ, ಹೊಳನಗದ್ದೆಯ ಕ್ರಾಸಿನಲ್ಲಿ ಇಳಿಯುತ್ತಾರೆ. ಅಲ್ಲಿಂದ ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ. ಗದ್ದೆಯ ಬದಿಯಿಂದ ಶುರುವಾಗುವ ಕೂಗು ಮಧ್ಯಾಹ್ನದ ಹೊತ್ತಿಗೆ ಕೊನೆಯ ಕೇರಿಯಲ್ಲಿ ನಿಲ್ಲುತ್ತದೆ.

ಕೂಗಿಗೂ ಒಂದು ಕ್ರಮವಿದೆ. ಅದೂ ತಾಯಿಯಿಂದ ಬಂದದ್ದೇ. ಬಂಗಡೆಗೆ ಕೊನೆಯ ಅಕ್ಷರವನ್ನು ಉದ್ದಕ್ಕೆ ಎಳೆಯಬೇಕು. ತಾರ್ಲೆಗೆ ಎಳೆತ ಇಲ್ಲ. "ತಾರ್ಲ್ಯೋ ತಾರ್ಲೆ, ತಾರ್ಲ್ಯೋ ತಾರ್ಲೆ" ಎಂದು ಚುರುಕಾಗಿ ಹೇಳಿಕೊಂಡು ಹೋಗಬೇಕು. ನೊಗ್ಲಿಗೆ, ಅಂದರೆ ಕಾಣೆ ಮೀನಿಗೆ, ದನಿ ಮೇಲಿನಿಂದ ಕೆಳಗಿಳಿಯುತ್ತದೆ. "ಶೆಟ್ಲಿಗೆ ಕೂಗೂದೇ ಬೇಡ" ಎಂದು ಸಿಗಡಿಯ ಮಾತು ಬಂದಾಗ ನಗುತ್ತಾರೆ ದೇವಿ. "ಶೆಟ್ಲಿ ಅದೆ ಅಂತ ಗೇಟಿನ ಹತ್ರ ಮೆತ್ತಗೆ ಹೇಳಿದ್ರೂ ಸಾಕು, ಹಿತ್ಲಲ್ಲಿ ಬಟ್ಟೆ ಒಗೀತಾ ಇದ್ದವ್ರೂ ಓಡಿ ಬತ್ತರು."

ಆ ಗೇಟುಗಳು ಮೂರು ವರ್ಷದ ಹಿಂದೆ ಒಂದೊಂದಾಗಿ ತೆರೆಯುವುದನ್ನು ನಿಲ್ಲಿಸಿದವು.

ಕೃಷ್ಣಾನಂದ ಎಂಬವರು ಸಾಲ ಮಾಡಿ ಒಂದು ಪುಟ್ಟ ವ್ಯಾನು ಕೊಂಡರು. ಒಳಗೆ ಐಸಿನ ಪೆಟ್ಟಿಗೆ, ತಕ್ಕಡಿ, ಕೊಯ್ದು ತೊಳೆದ ಮೀನಿನ ಪೊಟ್ಟಣ. ಬೆಳಿಗ್ಗೆಯೇ ಅವರು ಆ ದಿನದ ಮೀನಿನ ಫೋಟೋಗಳನ್ನು ಹೊಳನಗದ್ದೆಯ ಮನೆಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಬೇಕಾದವರು ಬೇಕಾದ್ದನ್ನು ಫೋನಿನಲ್ಲೇ ತಿಳಿಸುತ್ತಾರೆ. ವ್ಯಾನು ಗೇಟಿಗೆ ಬರುತ್ತದೆ. ಕೃಷ್ಣಾನಂದ ಕೆಟ್ಟವರೇನಲ್ಲ, ಅವರ ಮೀನೂ ಕೆಟ್ಟದ್ದಲ್ಲ. ದೇವಿಯವರೇ ಇದನ್ನು ಹೇಳುತ್ತಾರೆ. ಆದರೆ ದೇವಿ ಬುಟ್ಟಿ ಹೊತ್ತು ಗೇಟಿಗೆ ಬರುವ ಹೊತ್ತಿಗೆ ಒಳಗೆ ಸಾರು ಕುದಿಯುತ್ತಿತ್ತು. ಮೊದಲು ಕೈತಪ್ಪಿದ್ದು ಮೂಲೆಮನೆ. ಅಲ್ಲಿಯ ಸೊಸೆ ಪ್ರಿಯಾ ಕುಮಟೆಯ ಒಂದು ಸೊಸೈಟಿಯಲ್ಲಿ ಗುಮಾಸ್ತೆ. ಬೇಗ ಹೊರಡಬೇಕು, ಮೀನು ಅದಕ್ಕಿಂತ ಬೇಗ ಬೇಯಬೇಕು. ಆಮೇಲೆ ಅದರ ಪಕ್ಕದ ಮನೆ, ಎದುರಿನ ಮನೆ. ಒಂದು ಮಳೆಗಾಲ ಕಳೆದು ಮತ್ತೆ ಬುಟ್ಟಿ ಹೊತ್ತಾಗ ಅರ್ಧಕ್ಕರ್ಧ ಮನೆಗಳು ಉಳಿದಿರಲಿಲ್ಲ.

"ಮೀನು ಉಳಿದ್ರೆ ಒಣಗಿಸಬೌದು. ಮನೆ ಹೋದ್ರೆ ಎಂತ ಒಣಗಿಸೂದು?"

ಗಂಡ ಮಾಬ್ಲೇಶ್ವರರು ಒಂದು ಕಾಲಕ್ಕೆ ಕಡಲಿಗೆ ಹೋಗುತ್ತಿದ್ದವರು, ಈಗ ಅಂಗಳದಲ್ಲಿ ಕೂತು ಬಲೆ ಹೆಣೆಯುತ್ತಾರೆ. ಅವರು ದಾರಿ ತೋರಿಸಿದರು: ಶೆಟ್ಲಿ ಸುಲಿಯುವ ಶೆಡ್ಡಿಗೆ ಹೋದರೆ ದಿನದ ಕೂಲಿ ಖಾತ್ರಿ, ಬಿಸಿಲಿಲ್ಲ, ನಡೆಯಬೇಕಾಗಿಲ್ಲ. ದೇವಿ ಹೋಗಿ ನೋಡಿಯೂ ಬಂದರು. ಸಾಲಾಗಿ ಕೂತ ಹೆಂಗಸರು ತಲೆ ಎತ್ತದೆ ಸುಲಿಯುತ್ತಿದ್ದರು. "ಅಲ್ಲಿ ಬಾಯಿಗೆ ಕೆಲಸ ಇಲ್ಲ ಮಾರಾಯ್ರೆ" ಎಂದು ನೆನೆಯುತ್ತಾರೆ. "ನಂಗೆ ಬಾಯಿ ಮುಚ್ಕಂಡು ಕೂತ್ಕಂಬೂಕೆ ಬತ್ತದಾ? ಇವ್ರನ್ನೇ ಕೇಳಿ."

ಮಾಬ್ಲೇಶ್ವರರು ಬಲೆಯಿಂದ ಕಣ್ಣೆತ್ತದೆ, "ಬತ್ತದೆ ಅಂತ ನಾನು ಯಾವತ್ತೂ ಹೇಳ್ಲಿಲ್ಲ" ಎನ್ನುತ್ತಾರೆ.

ಫೋನು ಬಂದದ್ದು ಚೌತಿಯ ಹಿಂದಿನ ದಿನ. ಮಗಳು ರಂಜಿತಾ ಭಟ್ಕಳದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾರೆ. ಹಬ್ಬಕ್ಕೆ ಅಂಗಡಿಯಲ್ಲಿ ಕೊಟ್ಟ ಬೋನಸ್ಸಿನಲ್ಲಿ, ಅಲ್ಲಿಯ ಪೇಟೆಯಲ್ಲೇ ಕೊಂಡು ತಂದಿದ್ದರು. ತೆರೆ ಅಂಗೈಗಿಂತ ಉದ್ದ, ಮುಟ್ಟಿದರೆ ಬೆಳಕು. ಅಲ್ಲಿಯವರೆಗೆ ದೇವಿಯವರ ಬಳಿ ಇದ್ದದ್ದು ಗುಂಡಿ ಫೋನು. ಸಂದಿಗಳಲ್ಲಿ ಮೀನಿನ ಹುರುಪೆ ಸಿಕ್ಕಿಕೊಂಡು ಅಂಕಿಗಳೆಲ್ಲ ಮಾಸಿದ್ದರೂ ಕೆಲಸ ಮಾಡುತ್ತಿತ್ತು. "ಅದು ಒತ್ತಿದ್ರೆ ಟುಕ್ ಅಂತ ಹೇಳ್ತಿತ್ತು. ಇದು ಮುಟ್ಟಿದ್ರೂ ಮಾತಿಲ್ಲ. ಮುಟ್ಟಿದ್ನೋ ಇಲ್ವೋ ನಂಗೇ ಗೊತ್ತಾತಿರ್ಲಿಲ್ಲ." ಆದರೂ ಆ ಸಂಜೆ ಅವರು ಫೋನನ್ನು ಕೇರಿಯ ಪ್ರತಿ ಮನೆಗೂ ಒಯ್ದು ತೋರಿಸಿ ಬಂದರು, ಹೊಸ ಮಗುವನ್ನು ಎತ್ತಿಕೊಂಡು ಹೋದ ಹಾಗೆ.

ಕೇರಿಯ ಹೆಂಗಸರು ದೂರದಿಂದಲೇ ನೋಡಿದರು. "ಏ ದೇವೀ, ಅದ್ರ ಮೇಲೆ ತಪ್ಪಿ ಕೈಯಿಟ್ರೆ ಬ್ಯಾಂಕಲ್ಲಿದ್ದದ್ದೆಲ್ಲ ಹೋತದ್ಯಂತೆ!" ಎಂದು ಒಬ್ಬರು ಎಚ್ಚರಿಸಿದರು.

"ಬ್ಯಾಂಕಲ್ಲಿ ಇದ್ರಲ್ವಾ ಹೋಗೂದು" ಎಂದರು ಮಾಬ್ಲೇಶ್ವರರು.

ಹೆದರಿಕೆ ದೇವಿಯವರಿಗೂ ಇತ್ತು. ಯಾರೋ ಫೋನು ಮಾಡಿ ನಂಬರು ಕೇಳುತ್ತಾರಂತೆ, ಹೇಳಿದರೆ ಮುಗಿಯಿತಂತೆ. ಹಾಗಾಗಿ ಮೊದಲ ದಿನಗಳಲ್ಲಿ ಗುರುತಿಲ್ಲದ ಕರೆ ಬಂದರೆ ಫೋನನ್ನು ಅಕ್ಕಿ ಡಬ್ಬಿಯ ಮೇಲಿಟ್ಟು ಹೊರಗೆ ಬಂದು ನಿಲ್ಲುತ್ತಿದ್ದರು. ಆದರೆ ಹೆದರಿಕೆಗಿಂತ ದೊಡ್ಡ ತೊಡಕು ಅವರ ಬೆರಳುಗಳೇ. ಮೂವತ್ತು ವರ್ಷ ಐಸು, ಉಪ್ಪುನೀರು, ಮೀನಿನ ಮುಳ್ಳು ಕಂಡ ಬೆರಳ ತುದಿಗಳು ಸವೆದು ನುಣ್ಣಗಾಗಿವೆ. ಬೆರಳ ಗುರುತು ಹಿಡಿದು ತೆರೆಯುವ ಫೋನು ಇವರದನ್ನು ಹಿಡಿಯಲೇ ಇಲ್ಲ. "ನನ್ನ ಫೋನಿಗೆ ನಾನು ಯಾರು ಅಂತ ಗೊತ್ತಿಲ್ಲ. ಹೊಳನಗದ್ದೆಯ ನಾಯಿಗಳಿಗೂ ಗೊತ್ತದೆ!"

ಇನ್ನು ಕೈ ಒದ್ದೆಯಾದರೆ ತೆರೆ ತನ್ನ ಮನಸ್ಸಿಗೆ ಬಂದಂತೆ ಕುಣಿಯುತ್ತಿತ್ತು. ಒಮ್ಮೆ ಐಸಿನ ನೀರು ಬಿದ್ದು ಫೋನು ತಾನಾಗಿಯೇ ರಂಜಿತಾರಿಗೆ ವಿಡಿಯೋ ಕರೆ ಮಾಡಿತು. ಭಟ್ಕಳದ ಅಂಗಡಿಯಲ್ಲಿ ಅವರು ಗಿರಾಕಿಯೊಬ್ಬರಿಗೆ ಸೀರೆ ಹರವಿ ಕೂತಿದ್ದರು. "ಸೀರೆಯ ಪಕ್ಕದಲ್ಲೇ ಇಟ್ಟ ನನ್ನ ಫೋನಿನಲ್ಲಿ ಬಂಗಡೆಯ ಮುಖ, ಇಷ್ಟು ದೊಡ್ಡದು" ಎಂದು ರಂಜಿತಾ ಕೈ ಅಗಲಿಸಿ ತೋರಿಸುತ್ತಾರೆ. "ಆ ಗಿರಾಕಿ ನವಾಯತಿ ಭಾಷೆಯಲ್ಲಿ ಕೇಳಿದ್ರು, ಇದು ಎಷ್ಟಕ್ಕೆ ಕೊಡ್ತೀರಿ ಅಂತ."

ಕೃಷ್ಣಾನಂದರ ಹಾಗೆ ಫೋಟೋ ಕಳಿಸಿದರೆ ಆದೀತು ಎಂಬುದು ಮೊದಲ ಯೋಚನೆ. ಒಂದೇ ಸಲಕ್ಕೆ ಎಲ್ಲ ಮನೆಗೂ ಹೋಗುವ ಹಾಗೆ ರಂಜಿತಾ ವ್ಯವಸ್ಥೆ ಮಾಡಿಕೊಟ್ಟರು. ಉತ್ತರ ಮಾತ್ರ ಆಯಾ ಮನೆಯದ್ದು ಆಯಾ ಮನೆಯಿಂದಲೇ ಬರುತ್ತದೆ. ದೇವಿ ಧಕ್ಕೆಯಲ್ಲಿ ನಿಂತು ಕ್ಲಿಕ್ಕಿಸಿ ಕಳಿಸಿದರು. ಹೊಳನಗದ್ದೆಯ ಮಾಲತಿಯವರು, ನಿವೃತ್ತ ಅಂಗನವಾಡಿ ಶಿಕ್ಷಕಿ, ದೇವಿಯ ತಾಯಿಯ ಕಾಲದಿಂದಲೂ ಅದೇ ಬುಟ್ಟಿಯ ಮೀನು ತಿಂದವರು, ಕೂಡಲೇ ಕರೆ ಮಾಡಿದರು. "ದೇವೀ, ಇದು ಬಂಗಡೆಯಾ, ಸೂರ್ಯ ಮುಳುಗೂದಾ?" ಫೋಟೋದ ತುಂಬ ಕೆಂಪೋ ಕೆಂಪು. ಆದದ್ದು ಇಷ್ಟೇ: ಹೊಸ ದೋಣಿಗೆ, ಹೊಸ ಮೆಟ್ಟುಗತ್ತಿಗೆ, ಹೊಸ ಬುಟ್ಟಿಗೆ ಮೊದಲು ಕುಂಕುಮ ಹಚ್ಚುವುದು ಅವರ ಮನೆಯ ರೂಢಿ. ಫೋನಿಗೂ ಹಚ್ಚಿದ್ದರು, ಬೆನ್ನ ಮೇಲೆ ಕಣ್ಣಿನಂತೆ ಕಂಡ ಜಾಗದಲ್ಲೇ. ಕ್ಯಾಮೆರಾ ಕುಂಕುಮ ಇಟ್ಟುಕೊಂಡು ಕೂತಿತ್ತು.

ಒರೆಸಿದ ಮೇಲೆ ಫೋಟೋ ಸರಿಬಂತು, ಗಿರಾಕಿಗಳು ಬರಲಿಲ್ಲ. ವ್ಯಾನಿನ ಫೋಟೋವೂ ಮೀನಿನದ್ದೇ, ಇದೂ ಮೀನಿನದ್ದೇ. ಎರಡರಲ್ಲಿ ಯಾವುದು ದೇವಿಯದ್ದು ಎಂದು ಹೇಗೆ ತಿಳಿಯಬೇಕು? ಬರೆದು ಹೇಳೋಣವೆಂದರೆ ನಾಲ್ಕನೇ ಇಯತ್ತೆಯ ಓದು. ನಿಧಾನಕ್ಕೆ ಓದಬಲ್ಲರು, ಬರೆಯುವಷ್ಟರಲ್ಲಿ ಮೀನು ಕೆಡುತ್ತದೆ.

ಅಷ್ಟರಲ್ಲಿ ಐಸಿನ ಪ್ರಸಂಗ ನಡೆಯಿತು. ಮಳೆ ಕಳೆದ ಮೇಲಿನ ಬಿಸಿಲು ಈ ಕರಾವಳಿಯಲ್ಲಿ ಚರ್ಮ ಸುಲಿಯುವಂಥದ್ದು. ಒಂದು ದಿನ ಕ್ರಾಸಿನಿಂದ ಊರಿಗೆ ನಡೆಯುವಾಗ ಅರ್ಧ ದಾರಿಯಲ್ಲಿ ಫೋನು ಕೆಂಪು ಗುರುತು ತೋರಿಸಿತು. ಮುಟ್ಟಿದರೆ ಕೆಂಡ. ಬಿಸಿಯಾದದ್ದು ಕೆಡುತ್ತದೆ ಎಂಬುದು ದೇವಿ ಹುಟ್ಟಿದಂದಿನಿಂದ ಕಂಡ ಸತ್ಯ; ಅದಕ್ಕೆ ಮದ್ದು ಒಂದೇ. ಬುಟ್ಟಿ ಇಳಿಸಿದರು. ಬಾಳೆಲೆ ಸರಿಸಿ, ಪುಡಿ ಐಸು ಹರಡಿ, ಫೋನನ್ನು ಅಂಗಾತ ಮಲಗಿಸಿ, ಮೇಲೆ ಮತ್ತೆ ಐಸು ಮುಚ್ಚಿ, ಪಕ್ಕದಲ್ಲಿ ನೊಗ್ಲಿ ಜೋಡಿಸಿದರು. ಒಳ್ಳೆಯ ಮೀನಿಗೆ ಮಾಡುವ ಉಪಚಾರವನ್ನೆಲ್ಲ ಮಾಡಿ ಸಮಾಧಾನದಿಂದ ನಡೆದರು. ಮಾಲತಿಯವರ ಗೇಟಿನಲ್ಲಿ ತೆಗೆದು ನೋಡಿದಾಗ ಫೋನು ತಣ್ಣಗಿತ್ತು. ತೆರೆ ಕಪ್ಪಾಗಿತ್ತು. ಎಷ್ಟು ತಟ್ಟಿದರೂ ಕಣ್ಣು ಬಿಡಲಿಲ್ಲ.

ಹೊನ್ನಾವರದ ಬಸ್‌ಸ್ಟ್ಯಾಂಡಿನ ಹತ್ತಿರ ಫೋನು ರಿಪೇರಿ ಮಾಡುವ ಶಾಂತಾರಾಮರಿಗೆ ಆ ದಿನ ಇನ್ನೂ ನೆನಪಿದೆ. ಮುಚ್ಚಳ ಬಿಚ್ಚಿದಾಗ ಅಂಗಡಿಯ ಬೆಕ್ಕು ಮೇಜಿನ ಮೇಲೆ ಹಾರಿತಂತೆ. "ದೇವಕ್ಕ, ಉಪ್ಪು ಹಾಕ್ಲಿಲ್ಲ ಅಲ್ವಾ?" ಎಂದು ಕೇಳಿದರಂತೆ. "ಹಾಕಿದ್ರೆ ಹೇಳು, ಒಣಮೀನು ಮಾಡೇ ಕೊಡ್ತೆ."

ಅಂಗಡಿಯಲ್ಲಿದ್ದವರು ನಕ್ಕರು. ದೇವಿ ನಗಲಿಲ್ಲ. ಮಗಳ ಒಂದು ವರ್ಷದ ಬೋನಸ್ಸು ಶಾಂತಾರಾಮರ ಮೇಜಿನ ಮೇಲೆ ಕರುಳು ಬಿಚ್ಚಿ ಬಿದ್ದಿತ್ತು. ಮನೆಗೆ ಬಂದವರೇ ಗಂಡನಿಗೆ ಹೇಳಿದರು: "ಶೆಡ್ಡಿನವ್ರಿಗೆ ಹೇಳು. ಬರೂ ತಿಂಗ್ಳಿಂದ ಬತ್ತೆ ಅಂತ." ಮಾಬ್ಲೇಶ್ವರರು ಆ ದಿನ ಕುಹಕ ಆಡಲಿಲ್ಲ ಎಂಬುದನ್ನು ರಂಜಿತಾ ಒತ್ತಿ ಹೇಳುತ್ತಾರೆ. "ಮೊದ್ಲು ಫೋನು ಬರಲಿ" ಎಂದಷ್ಟೇ ಹೇಳಿ ಅವರು ಬಲೆ ಹೆಣೆದರಂತೆ.

ಫೋನು ರಿಪೇರಿಯಲ್ಲಿದ್ದ ಆ ವಾರ ದೇವಿ ಹಳೆಯ ಹಾಗೇ ಗದ್ದೆಯ ಬದಿಯಿಂದ ಕೂಗುತ್ತ ನಡೆದರು. ಮಾಲತಿಯವರ ಮನೆ ತಲುಪಿದಾಗ ಆಗಲೇ ಮಸಾಲೆ ರುಬ್ಬಿಟ್ಟಾಗಿತ್ತು. "ಮೀನು ನೋಡದೇ ಮಸಾಲೆ ಕಡೆದ್ರಲ್ಲ ಅಕ್ಕೋರೆ, ನಾನು ತಾರ್ಲೆ ತಂದಿದ್ರೆ?" ಎಂದರು ದೇವಿ.

"ತಾರ್ಲೆ ತಂದಿದ್ರೆ ಹಂಗೆ ಎಳೀತಿರ್ಲಿಲ್ವಲ್ಲೇ. ನೀನು ಗದ್ದೆಯ ಆಚೆ ಇರೂವಾಗ್ಲೇ ಬಂಗಡೆ ಅಂತ ಗೊತ್ತಾತು, ಕಾಯಿ ಒಡೆದೆ. ನಿನ್ನ ಅವ್ವಿ ಇದ್ದಾಗ್ಲೂ ಹಂಗೇ ಅಲ್ವಾ? ಆ ಫೋಟೋ ನೋಡಿ ನಂಗೆ ಎಂತದೂ ತಿಳೀತಿರ್ಲಿಲ್ಲ ನೋಡು."

ದೇವಿ ಗೇಟಿನಲ್ಲಿ ನಿಂತುಬಿಟ್ಟರು. ಅವರ ಮಾತಿನಲ್ಲೇ ಹೇಳುವುದಾದರೆ, "ತಲೆ ಮೇಲೆ ಬುಟ್ಟಿ ಇದ್ದದ್ದೂ ಮರ್ತು ಹೋತು." ಇಷ್ಟು ದಿನ ಫೋನಿಗೆ ಬೆರಳು ಕೊಟ್ಟಿದ್ದರು, ಕಣ್ಣು ಕೊಟ್ಟಿದ್ದರು. ಕೊಡಬೇಕಾದ್ದನ್ನು ಕೊಟ್ಟೇ ಇರಲಿಲ್ಲ.

ಶಾಂತಾರಾಮರು ಫೋನನ್ನು ಬದುಕಿಸಿ ಕೊಟ್ಟ ಮರುದಿನ ಬೆಳಿಗ್ಗೆ, ಮೀನು ಮುಟ್ಟುವ ಮೊದಲೇ, ದೇವಿ ಧಕ್ಕೆಯ ಒಂದು ಮೂಲೆಗೆ ಹೋದರು. ಮೈಕಿನ ಗುರುತನ್ನು ಒತ್ತಿ ಹಿಡಿದು, ಹೊಳನಗದ್ದೆ ಎದುರಿಗೇ ಇದೆ ಎನ್ನುವಂತೆ ಕೂಗಿದರು. ಧಕ್ಕೆಯ ಜನ ತಿರುಗಿ ನೋಡಿದರು. "ದೇವಕ್ಕಂಗೆ ಫೋನಿನ ದೆವ್ವ ಹಿಡೀತು!" ಎಂದು ಯಾರೋ ಕೂಗಿದರು. ಮೋಹನ ತಾಂಡೇಲರೂ ನಕ್ಕವರೇ. "ಸುಳ್ಳು ಯಂತಕೆ ಹೇಳ್ಲಿ, ನಾನೇ ಮೊದ್ಲು ನಕ್ಕದ್ದು. ಈಗ ದೇವಕ್ಕ ಕೂಗದೇ ಇದ್ರೆ ನಂಗೇ ಹರಾಜು ಏರೂದಿಲ್ಲ" ಎನ್ನುತ್ತಾರೆ.

ಆ ಬೆಳಿಗ್ಗೆ ಹೊಳನಗದ್ದೆಯಲ್ಲಿ ನಡೆದದ್ದನ್ನು ಮಾಲತಿಯವರ ಬಾಯಿಂದಲೇ ಕೇಳಬೇಕು. "ಫೋನು ಒತ್ತಿದೆ, ಇವಳ ಕೂಗು! ನಮ್ಮನೆ ಬೆಕ್ಕು ಒಲೆ ಬುಡದಿಂದ ಎದ್ದು ಗೇಟಿಗೆ ಓಡ್ತು. ಅದ್ರ ಹಿಂದೆ ಪಾತ್ರೆ ಹಿಡ್ಕಂಡು ನಾನು. ರಸ್ತೆಯಲ್ಲಿ ನೋಡಿದ್ರೆ ಯಾರೂ ಇಲ್ಲ. ಆಚೆಮನೆಯವ್ರೂ ಪಾತ್ರೆ ಹಿಡ್ಕಂಡು ನಿಂತಿದ್ರು. ಇಬ್ರೂ ಮುಖ ಮುಖ ನೋಡ್ಕಂಡ್ವಿ." ಬೆಕ್ಕು ಮಾತ್ರ ಬೇಗ ಕಲಿಯಿತು. ಈಗ ಅದು ಬೆಳಿಗ್ಗೆ ಗೇಟಿಗೆ ಹೋಗುವುದಿಲ್ಲ. ಫೋನಿನ ಪಕ್ಕದಲ್ಲೇ ಕೂರುತ್ತದೆ.

ಒಂದು ಕೂಗಿನಲ್ಲಿ ಎಲ್ಲವೂ ಇತ್ತು. ಇವತ್ತು ಯಾವ ಮೀನು, ಬಂದದ್ದು ಯಾರು ಎಂದು ಓದಬೇಕಾಗಿಲ್ಲ, ಕನ್ನಡಕ ಹುಡುಕಬೇಕಾಗಿಲ್ಲ. ಒಲೆಯ ಮುಂದೆ ನಿಂತವರ ಕೈ ಬಿಡುವಿಲ್ಲದಿದ್ದರೂ ಕಿವಿ ಬಿಡುವಾಗಿರುತ್ತದೆ. ಮನೆಗಳು ಉತ್ತರ ಕಳಿಸತೊಡಗಿದವು, ಅವೂ ದನಿಯಲ್ಲೇ: "ದೇವಕ್ಕ, ನಮ್ಮನೆಗೆ ಸಣ್ಣದು ಬೇಡ", "ದೇವೀ, ಇವತ್ತು ನೆಂಟರು ಬತ್ತರು, ಹೆಚ್ಚಿಗೆ ತಕಾ." ಯಾರಿಗೆ ಎಷ್ಟು ಎಂದು ಗೊತ್ತಾಗುವುದರಿಂದ ದೇವಿ ಈಗ ಮೊದಲ ಬುಟ್ಟಿಯ ಮೇಲೆ ಇನ್ನೆಷ್ಟು ಬೇಕೋ ಅಷ್ಟನ್ನೇ ಧಕ್ಕೆಯಲ್ಲಿ ಕೊಳ್ಳುತ್ತಾರೆ. ಮಧ್ಯಾಹ್ನ ಬುಟ್ಟಿಯಲ್ಲಿ ಉಳಿಯುವುದು ಐಸಿನ ನೀರು ಮಾತ್ರ. ಗೇಟಿನಲ್ಲಿ ಮೆಟ್ಟುಗತ್ತಿ ಇಟ್ಟು ಕೊಯ್ದೂ ಕೊಡುತ್ತಾರೆ. ಸೋಮವಾರ ಕೂಗು ಇಲ್ಲ. ಒಬ್ಬರ ಮನೆಯ ವ್ರತ ಫೋನಿನಿಂದ ಕೆಡಬಾರದು.

ಕೈಗಳ ನಿಯಮ ಹುಟ್ಟಿದ್ದೂ ಆಗಲೇ. ಒದ್ದೆ ಬೆರಳಿಗೆ ತೆರೆ ಓಗೊಡುವುದಿಲ್ಲ; ಮೀನಿನ ಕೆಲಸದಲ್ಲಿ ಕೈ ಒಣಗಿರುವುದಿಲ್ಲ. "ಹಂಗಾರೆ ಒಂದೊಂದ್ ಕೈ ಒಂದೊಂದಕ್ಕೆ" ಎಂದು ದೇವಿ ತೀರ್ಮಾನಿಸಿದರು. ಬಲಗೈ ಮೀನಿಗೆ, ಎಡಗೈ ಫೋನಿಗೆ. ಹೇಳಿದಷ್ಟು ಸುಲಭವಲ್ಲ ಅದು. ಎರಡೂ ಕೈ ಒಟ್ಟಿಗೆ ಮೀನಿಗೆ ಹೋಗುವ ರೂಢಿ ಎಲುಬಿನಲ್ಲಿ ಇಳಿದಿತ್ತು. ಎಡಗೈಗೆ ಒಂದು ಚೂರು ಕೆಂಪು ಬಟ್ಟೆ ಕಟ್ಟಿಕೊಂಡು ಅಭ್ಯಾಸ ಮಾಡಿದರು. ಬುಟ್ಟಿ ಎತ್ತಿ ತಲೆಗೇರಿಸಿದ ಮೇಲೆ ಎಡಗೈ ಒರೆಸಿಕೊಳ್ಳಲು ಸೊಂಟದಲ್ಲಿ ಬೇರೆಯೇ ಪಂಚೆಯ ತುಂಡು ಇದೆ. ಈಗ ಕೆಂಪು ಬಟ್ಟೆ ಬೇಕಾಗುವುದಿಲ್ಲ.

ಬೋಣಿ ಮಾತ್ರ ಫೋನಿಗೆ ಬಿಟ್ಟಿಲ್ಲ. ದಿನದ ಮೊದಲ ವ್ಯಾಪಾರ ಮಾಲತಿಯವರದ್ದು, ಅವರ ಕೈಗುಣ ಒಳ್ಳೆಯದು ಎಂಬುದು ದೇವಿಯ ತಾಯಿಯ ಕಾಲದ ನಂಬಿಕೆ. ಒಮ್ಮೆ ಮಾಲತಿಯವರು ಫೋನಿನಲ್ಲೇ ಹಣ ಹಾಕಲು ಹೋದಾಗ ದೇವಿ ತಡೆದರು. "ಅಕ್ಕೋರೆ, ಫೋನು ಇರೂದು ಎಡಗೈಯಲ್ಲಿ. ಎಡಗೈಯಲ್ಲಿ ಬೋಣಿ ತಕಂಬೂಕಾತದಾ?" ಅಂದಿನಿಂದ ಮಾಲತಿಯವರ ಮನೆಯಲ್ಲಿ ಮಾತ್ರ ರೊಕ್ಕ ಕೈಗೆ. ದೇವಿ ಬಾವಿಕಟ್ಟೆಯ ನಲ್ಲಿಯಲ್ಲಿ ಬಲಗೈ ತೊಳೆದು, ತೆಗೆದುಕೊಂಡು, ಕಣ್ಣಿಗೊತ್ತಿಕೊಳ್ಳುತ್ತಾರೆ. ಉಳಿದ ಮನೆಗಳು ಎಡಗೈಗೆ ಹಾಕಿದರೂ ಅಡ್ಡಿಯಿಲ್ಲ.

ಕೂಗಿನ ಸುದ್ದಿ ಕೃಷ್ಣಾನಂದರ ಕಿವಿಗೂ ಬಿತ್ತು. ಬೀಳದೇ ಇರಲು ಸಾಧ್ಯವಿರಲಿಲ್ಲ, ಒಂದೊಂದಾಗಿ ಮನೆಗಳು ಅವರ ವ್ಯಾನಿನಿಂದ ಇಳಿಯುತ್ತಿದ್ದವು. ಅವರೂ ವ್ಯಾನಿಗೆ ಧ್ವನಿವರ್ಧಕ ಕಟ್ಟಿ ತಾವೇ ಕೂಗಿ ನೋಡಿದರು. "ನಾನು ಕೂಗಿದ್ರೆ ಮತದಾನಕ್ಕೆ ಕರೆದ ಹಂಗೆ ಆತದೆ" ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಕೊನೆಗೆ ಹೊಳನಗದ್ದೆಯ ಕ್ರಾಸಿನಲ್ಲಿ ವ್ಯಾನು ನಿಲ್ಲಿಸಿ ದೇವಿಯನ್ನು ಮಾತಾಡಿಸಿದರು. ನಿಮ್ಮ ಕೂಗನ್ನು ರೆಕಾರ್ಡ್ ಮಾಡಿ ವ್ಯಾನಿಗೆ ಹಾಕಿಕೊಳ್ಳುತ್ತೇನೆ. ಅದಕ್ಕೆ ತಿಂಗಳಿಗೆ ಇಷ್ಟು ಕೊಡುತ್ತೇನೆ. ನೀವು ನಡೆಯುವುದೂ ಬೇಡ, ಬುಟ್ಟಿ ಹೊರುವುದೂ ಬೇಡ ಎಂದರು. ಶೆಡ್ಡಿನ ಕೂಲಿಗಿಂತ ಅದು ಹೆಚ್ಚೇ ಇತ್ತು.

ದೇವಿಯವರ ಉತ್ತರ ಆ ಕ್ರಾಸಿನ ಚಾ ಅಂಗಡಿಯಲ್ಲಿ ಇವತ್ತಿಗೂ ಓಡಾಡುತ್ತಿದೆ. "ತಮಾ, ನಾನು ಮಾರೂದು ಮೀನು. ಕೂಗು ನನ್ನ ಅವ್ವಿದು. ಅದಕ್ಕೆ ರೇಟು ಹಾಕೂಕೆ ಅವ್ವಿಯೇ ಬರಬೇಕು."

ಕೃಷ್ಣಾನಂದ ನಕ್ಕು ವ್ಯಾನು ತಿರುಗಿಸಿದರು. ಈಗ ಅವರು ಹೆಚ್ಚಾಗಿ ಕುಮಟೆ ಪೇಟೆಯ ಹೋಟೆಲುಗಳಿಗೆ, ಕಾಗಾಲದ ಕಡೆಗೆ ಹೋಗುತ್ತಾರೆ. ಎದುರಿಗೆ ಸಿಕ್ಕರೆ ಹಾರ್ನ್ ಹೊಡೆದು ದೇವಿಯನ್ನು ಮಾತಾಡಿಸಿ ಮುಂದೆ ಹೋಗುತ್ತಾರೆ.

ಹೋದ ಮನೆಗಳು ಬಂದವು, ಒಂದನ್ನು ಬಿಟ್ಟು. ಮೊದಲು ಹೋದ ಮೂಲೆಮನೆ ಬರಲಿಲ್ಲ. ದೇವಿ ದಿನವೂ ಆ ಮನೆಗೂ ಕೂಗು ಕಳಿಸುತ್ತಾರೆ. ದಿನವೂ ಮೈಕಿನ ಗುರುತು ನೀಲಿಯಾಗುತ್ತದೆ; ಅಂದರೆ ಅಲ್ಲಿ ಯಾರೋ ಕೇಳುತ್ತಿದ್ದಾರೆ. ಉತ್ತರ ಮಾತ್ರ ಇಲ್ಲ. ಬಾಯಿಬಿಟ್ಟು ಕೇಳಬಹುದಲ್ಲ ಎಂದು ರಂಜಿತಾ ಹೇಳಿದಾಗ ದೇವಿ ತಲೆಯಾಡಿಸಿದರು. "ಬಾ ಬಾ ಅಂದ್ರೆ ಮೀನು ಬಲೆಗೆ ಬತ್ತದಾ? ನಂದು ಕೂಗೂದು. ಬರೂದು ಅವ್ರದ್ದು." ಹೀಗೆ ಹೇಳುವವರು ಆ ಮನೆಯ ಗೇಟಿನ ಮುಂದೆ ನಡೆಯುವಾಗ ಮಾತ್ರ ಕೊಂಚ ನಿಧಾನವಾಗುತ್ತಾರೆ.

ಈ ಬೆಳಿಗ್ಗೆ ಟೆಂಪೋ ಹೊಳನಗದ್ದೆಯ ಕ್ರಾಸಿನಲ್ಲಿ ನಿಂತಿದೆ. ದೇವಿ ಇಳಿದು ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು ಬಂಗಡೆಯ ಮೇಲೆ ಐಸು ಸರಿಪಡಿಸುತ್ತಿದ್ದಾರೆ. ಮುಂದೆ ಎಂತ ಆಸೆ ಎಂದು ಕೇಳಿದರೆ ಐಸು ಒತ್ತುತ್ತಲೇ ಹೇಳುತ್ತಾರೆ. "ಎಂತದೂ ಇಲ್ಲ. ಒದ್ದೆ ಕೈಗೆ ಆಗೂ ಫೋನು ಒಂದು ಮಾಡಿದ್ರೆ ಆತು. ಇಷ್ಟೆಲ್ಲ ಓದಿದವ್ರು ಇದ್ರಲ್ಲ, ಒಬ್ರ ಮನೆಯಲ್ಲೂ ಮೀನು ತೊಳೆಯೂದಿಲ್ವಾ?"

ಚೀಲದೊಳಗೆ ಫೋನು ಸದ್ದು ಮಾಡುತ್ತದೆ. ಬಲಗೈ ಐಸಿನಲ್ಲೇ ಇದೆ. ಎಡಗೈ ಫೋನು ತೆಗೆಯುತ್ತದೆ. ತೆರೆಯ ಮೇಲೆ ಮೈಕಿನ ಗುರುತು; ಪಕ್ಕದ ಹೆಸರನ್ನು ಅಕ್ಷರ ಕೂಡಿಸಿ ಓದುತ್ತಾರೆ: ಪ್ರಿಯಾ, ಮೂಲೆಮನೆ. ಹೆಬ್ಬೆರಳು ಒಂದು ಗಳಿಗೆ ತಡೆಯುತ್ತದೆ, ಆಮೇಲೆ ಒತ್ತುತ್ತದೆ.

ಮೊದಲು ನಗು ಕೇಳುತ್ತದೆ. ಆಮೇಲೆ ಪ್ರಿಯಾರ ದನಿ, ಗಂಟಲು ಸರಿಮಾಡಿಕೊಂಡು, "ಬಂಗಡೇ...ಯ್! ಬಂತು ಬಂಗಡೇ...ಯ್!" ಎಂದು ಕೂಗುತ್ತದೆ. ಹಿನ್ನೆಲೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಹಂಗಲ್ಲ, ಹಂಗಲ್ಲ ಎಂದು ಬೈಯುತ್ತಿರುವುದೂ ಕೇಳಿಸುತ್ತದೆ. "ದೇವಕ್ಕಾ, ತಪ್ಪು ತಿಳ್ಕಣಬೇಡ. ನಮ್ಮ ಅತ್ತೆಗೆ ಕಣ್ಣು ಸರಿ ಕಾಣೂದಿಲ್ಲ, ವ್ಯಾನಿನವ್ರ ಫೋಟೋ ತೋರಿಸಿದ್ರೂ ಎಂತದೂ ತಿಳಿಯೂದಿಲ್ಲ. ನಿನ್ ಕೂಗು ಬಂದ್ರೆ ದಿನಾ ಮತ್ತೊಂದ್ಸಲ ಹಾಕು, ಮತ್ತೊಂದ್ಸಲ ಹಾಕು ಅಂತ ಕೂತ್ಕಂತರು. ನಾನು ಆಫೀಸಿಗೆ ಹೋದ್ರೂ ಅಡ್ಡಿಲ್ಲ, ಸಾರು ತಾನೇ ಮಾಡ್ತರಂತೆ. ಇವತ್ತಿಂದ ನಮ್ಮನೆಗೂ ಬಾ. ಕೊಯ್ದು ಕೊಟ್ಟು ಹೋಗು."

ದೇವಿ ಫೋನನ್ನು ಕಿವಿಗೆ ಹಿಡಿದು ಮೊದಲಿಂದ ಇನ್ನೊಮ್ಮೆ ಕೇಳುತ್ತಾರೆ. ಆಮೇಲೆ ಅದನ್ನು ಚೀಲಕ್ಕೆ ಹಾಕಿ, ಸಿಂಬಿ ಸರಿಮಾಡಿ, ಬುಟ್ಟಿಯನ್ನು ತಲೆಗೆ ಏರಿಸುತ್ತಾರೆ. ಎಡಗೈಯನ್ನು ಪಂಚೆಯ ತುಂಡಿಗೆ ಒರೆಸಿಕೊಳ್ಳುತ್ತಾರೆ.

"ರಾಗ ಬರ್ಲಿಲ್ಲ" ಎನ್ನುತ್ತಾರೆ ಗದ್ದೆಯ ಬದಿಗೆ ಹೆಜ್ಜೆಯಿಡುತ್ತ. "ಮನೆ ಬಂತು."